ಓಡಿದ ದಿನ ಏಳುವ ಗಂಧೆ

ಜನವರಿ 6, ಸೋಮವಾರ

ಒಪಿಡಿಗೆ ಬಂದ ಪೇಶಂಟ್‌ಗಳು ಎಂಬತ್ತು ದಾಟಿದರು. ಅರ್ಧಕ್ಕರ್ಧ ತುರಿಕೆ. ಕಾಫಿ ಕುಯ್ಲು ಜೋರಾಗಿದೆ — ಎಸ್ಟೇಟಿನ ಕೂಲಿ ಲೈನ್‌ಗಳಿಂದ ಬರೋರೆಲ್ಲ ಕೆರ್ಕೊಂಡೇ ಒಳಗೆ ಬರ್ತಾರೆ. ಇರುವೆ ಕಚ್ಚಿದ್ದು, ಕಾಂಗ್ರೆಸ್ ಗಿಡ ತಾಗಿದ್ದು, ಚಪ್ಪಲಿ ರಬ್ಬರಿಗೆ ಪಾದ ಒಡೆದದ್ದು. ಎಲ್ಲರಿಗೂ ಅದೇ ಮಾತ್ರೆ, ಅದೇ ಟ್ಯೂಬ್. ನೋಡಿ ನೋಡಿ ಮಧ್ಯಾಹ್ನದ ಹೊತ್ತಿಗೆ ನನ್ನ ಮೊಣಕೈಗೂ ನವೆ.

ಸಿಸ್ಟರ್ ರಾಜಲಕ್ಷ್ಮಮ್ಮ ನಕ್ಕರು. "ಹುಸ್ನಾ ಮೇಡಂ, ನೀವೂ ಒಂದು ಸೆಟ್ರಿಜಿನ್ ನುಂಗ್ಬಿಡಿ." ನಾನು ಹುಟ್ಟೋಕೆ ಮುಂಚಿನಿಂದ ಈ ಹಳ್ಳಿ ಸರ್ಕಾರಿ ಆಸ್ಪತ್ರೆ, ಪಿಎಚ್‌ಸಿಯಲ್ಲಿ ಇಂಜೆಕ್ಷನ್ ಹಾಕ್ತಾ ಇರೋರು. ಎಂಬಿಬಿಎಸ್ ಮುಗಿಸಿ ಹಳ್ಳಿ ಸೇವೆಯ ಬಾಂಡ್ ಮೇಲೆ ಬಂದ ನಾನು ಅವರ ಕಣ್ಣಿಗೆ ಇನ್ನೂ ಸ್ಕೂಲ್ ಹುಡುಗಿ.

ಆಲೂರಿಂದ ತಾಲ್ಲೂಕು ಆರೋಗ್ಯಾಧಿಕಾರಿ, ಟಿಎಚ್‌ಓ ಸಾಹೇಬರ ಫೋನ್. ಮುಂದಿನ ತಿಂಗಳು ಹೊಸ ನರ್ಸಿಂಗ್ ಹುಡುಗಿಯರಿಗೆ ನಾನೊಂದು ಕ್ಲಾಸ್ ತಗೋಬೇಕಂತೆ. ಚರ್ಮದ ಅಲರ್ಜಿ, ಒಂದು ಪರಿಚಯ. "ನೀವು ಹೊಸದಾಗಿ ಓದಿ ಬಂದಿರ್ತೀರಿ, ಈಸಿ ನಿಮಗೆ." ಏನು ಓದಿದ್ದೀನಿ? ಚರ್ಮದ ವಿಭಾಗದ ಪೋಸ್ಟಿಂಗ್ ಪೂರ್ತಿ ಲೈಬ್ರರಿಯಲ್ಲಿ ಪಿಜಿ ಎಂಟ್ರೆನ್ಸಿಗೆ ಓದ್ತಾ ಕೂತಿದ್ದೆ. ನನಗೆ ಬೇಕಾಗಿರೋದು ರೇಡಿಯಾಲಜಿ, ಎಕ್ಸ್‌ರೇ ಸ್ಕ್ಯಾನ್ ನೋಡೋದು. ಕತ್ತಲೆ ರೂಮು, ಒಂದು ಸ್ಕ್ರೀನು, ಯಾರೂ ಎದುರಿಗೆ ಕೂತು ಕೆರ್ಕೊಳ್ಳಲ್ಲ.

ಆದರೂ ಪುಸ್ತಕ ತೆಗೆದೆ. ಎರಡು ಪುಟ. ಎದ್ದೆ. ಟೀ. ಮತ್ತೆ ಒಂದು ಪುಟ. ಕೂತಲ್ಲಿ ಕೂರೋಕಾಗಲ್ಲ ನನಗೆ.

ಜನವರಿ 9, ಗುರುವಾರ

ಬಾಗಿಲು ಹಾಕೋ ಹೊತ್ತಿಗೆ ಅಪ್ಪ ಮಗಳು ಬಂದರು. ಅಪ್ಪ ದ್ಯಾವಯ್ಯ, ಖಾಕಿ ಜರ್ಕಿನ್. ಆನೆ ಕಾವಲಿನವರು — ಊರಿಗೆ ಆನೆ ಬಂದರೆ ಪಟಾಕಿ ಹಿಡಿದು ಓಡಿಸೋ ದಿನಗೂಲಿ ಕೆಲಸ. ಮಗಳು ಚೈತ್ರಶ್ರೀ, ಡಿಗ್ರಿ ಆಗಿದೆ, ಟ್ರ್ಯಾಕ್ ಪ್ಯಾಂಟು, ಬೆವರು ಒಣಗಿದ ಮುಖ. ಫಾರೆಸ್ಟ್ ಗಾರ್ಡ್ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಹೆಸರು ಲಿಸ್ಟಲ್ಲಿದೆ. ಫೆಬ್ರವರಿಯಲ್ಲಿ ಫಿಸಿಕಲ್. ಓಡಬೇಕು.

"ಓಡಿದ್ರೆ ಮೈಯೆಲ್ಲ ಗಂಧೆ ಏಳ್ತದೆ ಮೇಡಂ."

ನೋಡಿದರೆ ಮೈ ಮೇಲೆ ಏನಿಲ್ಲ. ನುಣ್ಣಗಿದೆ. ಫೋನಲ್ಲಿ ಫೋಟೋ ತೋರಿಸಿದಳು — ಹೊಟ್ಟೆ ಮೇಲೆ ಕೆಂಪು ಉಬ್ಬು.

ದ್ಯಾವಯ್ಯ: "ಪಿತ್ತ ಅಂತ ನಮ್ಮವ್ವ ಕಂಬಳೀಲಿ ತಿಕ್ಕುದ್ರು. ಏಳ್ತದೆ, ಇಳೀತದೆ. ಅಂಟು ರೋಗ ಅಲ್ವಲ್ಲ ಡಾಕ್ಟ್ರಮ್ಮ?"

ಅಲ್ಲ ಅಂದೆ. ಒಳಗೊಳಗೇ ಖುಷಿ. ಮೊನ್ನೆ ತಾನೆ ಓದಿದ್ದು! ಮೈ ಬಿಸಿಯಾಗಿ ಬೆವರಿದಾಗ ಏಳೋ ಗಂಧೆ, ಪರೀಕ್ಷೆಗೆ ಬರೋ ಪ್ರಶ್ನೆ. ಟಕ್ ಅಂತ ಹೇಳಿದೆ. ದಿನಾ ಒಂದು ಮಾತ್ರೆ ಬರೆದೆ. ಹುಡುಗಿ ಮಾತ್ರ ನಾನು ಹೇಳಿದ್ದನ್ನೆಲ್ಲ ಕೇಳಿ, ಹೋಗುವಾಗ ಬಾಗಿಲಲ್ಲಿ ನಿಂತು, "ಆದ್ರೆ ಮೇಡಂ, ಎಲ್ಲ ದಿನ ಏಳಲ್ಲ" ಅಂದಳು.

ಬಸ್ ಬಂತು. ಸಕಲೇಶಪುರದ ಕೊನೇ ಬಸ್ಸು, ಬಿಟ್ಟರೆ ಮನೆ ಸೇರೋಕಾಗಲ್ಲ. ಓಡಿದೆ.

ಜನವರಿ 15, ಬುಧವಾರ

ನಿನ್ನೆ ಸಂಕ್ರಾಂತಿ. ಟೇಬಲ್ ಮೇಲೆ ಇನ್ನೂ ರಾಜಲಕ್ಷ್ಮಮ್ಮ ತಂದ ಎಳ್ಳು ಬೆಲ್ಲ.

ಚೈತ್ರಶ್ರೀ ಇವತ್ತು ಆಲೂರಿಂದ ನೇರ ಇಲ್ಲಿಗೇ ಬಂದಳು. ವಾರಕ್ಕೆ ಮೂರು ದಿನ ಅಲ್ಲಿನ ಗ್ರೌಂಡಲ್ಲಿ ಕೋಚಿಂಗ್. ಗಂಧೆ ಕಣ್ಣೆದುರಿಗೇ ಇತ್ತು — ಕತ್ತು, ಬೆನ್ನು, ಮುಂಗೈ. ಮಾತ್ರೆ ತಪ್ಪಿಸಿಲ್ಲ. ಕೆಲಸ ಮಾಡಿಲ್ಲ.

ಪುಸ್ತಕದಲ್ಲಿ ಓದಿದ ಹಾಗೆ ಬಾಲ್ ಪೆನ್ನಿಂದ ಒಂದು ಉಬ್ಬಿನ ಸುತ್ತ ಗೆರೆ ಎಳೆದೆ. ಬೆಂಚಿನ ಮೇಲೆ ಕೂರಿಸಿದೆ. ಹತ್ತು ಜನ ಪೇಶಂಟ್ ನೋಡಿ ವಾಪಸ್ ಬಂದರೆ ಗೆರೆ ಇದೆ, ಉಬ್ಬು ಇಲ್ಲ. ಮೊಣಕೈ ಹತ್ತಿರ ಹೊಸದು ಎದ್ದಿದೆ. ಸರಿ, ಗಂಧೆಯೇ. ಇಸುಬು ಆಗಿದ್ದರೆ ಹೀಗೆ ಜಾಗ ಬದಲಾಯಿಸಲ್ಲ, ಇದ್ದಲ್ಲೇ ಇರುತ್ತೆ, ದಪ್ಪ ಆಗುತ್ತೆ, ನೀರು ಒಸರುತ್ತೆ.

ಆದರೆ ಅಳತೆ! ಬೆವರಿನ ಗಂಧೆ ರಾಗಿ ಕಾಳಿನಷ್ಟು ಸಣ್ಣಗಿರುತ್ತೆ. ಇವಳದು ಐದು ರೂಪಾಯಿ ನಾಣ್ಯಕ್ಕಿಂತ ದೊಡ್ಡದು, ಒಂದಕ್ಕೊಂದು ಕೂಡಿಕೊಂಡು ಮ್ಯಾಪಿನ ಥರ. ಫೋಟೋದಲ್ಲೂ ಹಾಗೇ ಇತ್ತು. ಅವತ್ತು ನೋಡಿದ್ದೆ. ನೋಡಿರಲಿಲ್ಲ.

"ಊರಲ್ಲಿ ಗುಡ್ಡ ಹತ್ತಿ ಓಡಿದ್ರೆ ಏನೂ ಆಗಲ್ಲ ಮೇಡಂ. ಆಲೂರಿಗೆ ಹೋದ್ರೇ ಆಗೋದು. ಅದೂ ಎಲ್ಲ ಸಲ ಅಲ್ಲ."

ಆಲೂರಲ್ಲಿ ಏನಿದೆ?

ಜನವರಿ 19, ಭಾನುವಾರ

ರಜ. ಮನೇಲಿ ಇರೋಕಾಗಲಿಲ್ಲ. ಅಮ್ಮಿ ಬಿರಿಯಾನಿಗೆ ಈರುಳ್ಳಿ ಹೆಚ್ಚು ಅಂದರು, ಅರ್ಧಕ್ಕೆ ಎದ್ದು ಬಸ್ ಹತ್ತಿ ಆಲೂರಲ್ಲಿ ಇಳಿದೆ. ಗ್ರೌಂಡ್ ನೋಡೋಕೆ! ಹುಚ್ಚು.

ಬೇಲಿ ಉದ್ದಕ್ಕೂ ಕಾಂಗ್ರೆಸ್ ಗಿಡ. ಎದೆ ಹಾರಿತು — ಸಿಕ್ಕಿತು! ಅಲ್ಲೇ ಕಲ್ಲು ಬೆಂಚಿನ ಮೇಲೆ ಕೂತು ಯೋಚಿಸಿದ ಮೇಲೆ ಇಳಿಯಿತು. ಆ ಗಿಡದ ಅಲರ್ಜಿ ನಿಧಾನದ್ದು. ಇವತ್ತು ತಾಗಿದರೆ ನಾಳೆಯೋ ನಾಡಿದ್ದೋ ಕಾಣುತ್ತೆ. ರೆಪ್ಪೆ, ಕತ್ತು, ಮೊಣಕೈ ಮಡಿಕೆ ಕಪ್ಪಾಗಿ ಒರಟಾಗುತ್ತೆ, ವಾರಗಟ್ಟಲೆ ಇರುತ್ತೆ. ಎಸ್ಟೇಟಿನ ಎಷ್ಟು ಜನರ ಮುಖ ಹಾಗಿದೆ. ಇವಳದು ನಿಮಿಷದಲ್ಲಿ ಎದ್ದು ಗಂಟೆಯಲ್ಲಿ ಮಾಯ. ಜಾತಿಯೇ ಬೇರೆ.

ಕೋಚ್ ಲೋಹಿತ್ ಸಿಕ್ಕರು. ಮಿಲಿಟರಿಯಿಂದ ಬಂದವರು, ಹುಡುಗರಿಗೆ ಪುಕ್ಕಟೆ ಹೇಳಿಕೊಡ್ತಾರೆ. "ಆ ಹುಡುಗಿ ಚಿನ್ನ ಮೇಡಂ. ಬರೀ ಮುದ್ದೆ ತಿಂದ್ಕೊಂಡಿದ್ಲು. ಬಿಡ್ಸಿ ಚಪಾತಿ ಮೊಟ್ಟೆಗೆ ಹಾಕಿದೀನಿ. ಸ್ಪೀಡ್ ನೋಡ್ಬೇಕು ನೀವು."

ಊಟ! ಮತ್ತೆ ಎದೆ ಹಾರಿತು. ದ್ಯಾವಯ್ಯಗೆ ಅಲ್ಲಿಂದಲೇ ಫೋನ್. ಗಾಳಿ ಸದ್ದು, ಕಾಡಲ್ಲಿದ್ದರು.

"ಚಪಾತೀನಾ? ಅಯ್ಯೋ, ರಾತ್ರಿ ಎರಡು ತಿಂದು ಮಲಗ್ತಾಳೆ, ಏನೂ ಆಗಲ್ಲ. ಹೋದ ತಿಂಗ್ಳು ಮದುವೆ ಮನೇಲಿ ಪೂರಿ ಬಾರಿಸ್ಬುಟ್ಟವ್ಳೆ, ಏನಾಯ್ತು? ಊಟದ್ದಲ್ಲ ಕಣವ್ವ."

ಊಟದ್ದಲ್ಲ. ಓಟದ್ದೂ ಅಲ್ಲ. ಗಿಡದ್ದಲ್ಲ. ಶೂ ಅದೇ, ಬಟ್ಟೆ ಅದೇ. ವಾಪಸ್ ಬರುವಾಗ ಬಸ್ಸಿನ ಕಿಟಕಿ ಗಾಜಿಗೆ ಹಣೆ ಒತ್ತಿಕೊಂಡೇ ಬಂದೆ.

ಜನವರಿ 24, ಶುಕ್ರವಾರ

ಚೈತ್ರಶ್ರೀಗೆ ಮೊಣಕಾಲ ಕೆಳಗೆ ಮೂಳೆ ನೋವು. ಓಡೋರಿಗೆ ಮಾಮೂಲು. ಐಬುಪ್ರೊಫೆನ್ ಬರೆದೆ, ತಿಂಡಿ ಆದಮೇಲೆ ಒಂದೊಂದು. ಗಂಧೆ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸೋತ ವಿಷಯ ಯಾರು ಎತ್ತುತ್ತಾರೆ.

"ಭಾನುವಾರ ಸ್ಕೂಲ್ ಮೈದಾನದಲ್ಲಿ ರಿಪಬ್ಲಿಕ್ ಡೇ ಓಟ ಇದೆ. ಬನ್ನಿ ಮೇಡಂ. ನಾನೇ ಫಸ್ಟು."

ಜನವರಿ 26, ಭಾನುವಾರ, ಸಂಜೆ

ಈಗಷ್ಟೇ ಮನೆಗೆ ಬಂದೆ. ಬರೀತೀನಿ.

ಪಿಎಚ್‌ಸಿಯಲ್ಲಿ ಬಾವುಟ ಹಾರಿಸಿ ಸ್ಕೂಲಿಗೆ ಹೋದೆವು. ಎಲ್ಲರಿಗೂ ಉಪ್ಪಿಟ್ಟು, ಕೇಸರಿಬಾತ್. ನಾನೂ ತಿಂದೆ. ಚೈತ್ರಶ್ರೀ ನನ್ನ ಪಕ್ಕದಲ್ಲೇ ಕೂತು ಎರಡು ಸಲ ಹಾಕಿಸಿಕೊಂಡು ತಿಂದು, ಮಾತ್ರೆ ನುಂಗಿ, ಲೇಸ್ ಕಟ್ಟಿದಳು. ಭಾಷಣ ಮುಗಿದು ಓಟ ಶುರುವಾಯಿತು. ಊರ ಕೆರೆ ಸುತ್ತಿ ವಾಪಸ್ ಬರಬೇಕು.

ಮೊದಲು ಬಂದವಳು ಅವಳಲ್ಲ. ಎರಡನೆಯವಳೂ ಅಲ್ಲ. ನಾನು ಕತ್ತು ಉದ್ದ ಮಾಡಿ ನೋಡ್ತಾ ಇದ್ದೆ. ಆಮೇಲೆ ಕೂಗು. ಕೆರೆ ಏರಿ ಮೇಲೆ ಬಿದ್ದಿದ್ದಾಳೆ.

ಓಡಿದೆ. ಮುಖ ಗುರುತೇ ಸಿಗಲಿಲ್ಲ. ತುಟಿ, ಕಣ್ಣು ಊದಿ ಮುಚ್ಚಿಹೋಗಿತ್ತು. ಕತ್ತಿಂದ ಕಾಲವರೆಗೆ ಗಂಧೆ. ವಾಂತಿ ಮಾಡಿಕೊಂಡಿದ್ದಳು. "ಮೇಡಂ... ಗಂಟಲು..." ಧ್ವನಿ ಒಡೆದಿತ್ತು, ಉಸಿರಿನಲ್ಲಿ ಸೀಟಿ. ಇಬ್ಬರು ಹುಡುಗರು ಎತ್ತಿಕೊಂಡು ಪಿಎಚ್‌ಸಿಗೆ ತಂದರು. ಹತ್ತಿರವೇ, ಆದರೂ ಎಷ್ಟು ದೂರ.

ಬಿಪಿ ನೋಡಿದೆ. ಸಿಗ್ತಾನೇ ಇಲ್ಲ. ನಾಡಿ ದಾರದ ಹಾಗೆ.

ರಾಜಲಕ್ಷ್ಮಮ್ಮ ಆಗಲೇ ಅಲರ್ಜಿ ಇಂಜೆಕ್ಷನ್ ಅವಿಲ್ ಸಿರಿಂಜಿಗೆ ಎಳೆದು ರೆಡಿ ಮಾಡಿ ನಿಂತಿದ್ದರು. ಇಷ್ಟು ವರ್ಷ ಗಂಧೆಗೆ ಕೊಟ್ಟದ್ದು ಅದನ್ನೇ. ನನ್ನ ಕೈಯೂ ಅದರ ಕಡೆಗೇ ಹೋಯಿತು. ನಿಜ, ಹೋಯಿತು. ಒಂದು ಕ್ಷಣ.

"ಸಿಸ್ಟರ್, ಅಡ್ರಿನಲಿನ್."

"ಮೇಡಂ, ಹಾರ್ಟಿಗೆ ಏನಾದ್ರೂ..."

"ಕೊಡಿ!"

ಅಷ್ಟು ಜೋರಾಗಿ ಅವರ ಮೇಲೆ ಯಾವತ್ತೂ ಕೂಗಿರಲಿಲ್ಲ. ಅರ್ಧ ಎಂಎಲ್, ತೊಡೆಯ ಹೊರಬದಿಗೆ, ಪ್ಯಾಂಟಿನ ಮೇಲಿಂದಲೇ. ಕಾಲು ಎತ್ತರಿಸಿ, ಆಕ್ಸಿಜನ್, ಡ್ರಿಪ್. ಕಾದೆ. ಏನೂ ಆಗಲಿಲ್ಲ. ಐದು ನಿಮಿಷ ಬಿಟ್ಟು ಇನ್ನೊಂದು. ರಾಜಲಕ್ಷ್ಮಮ್ಮ ಅವಳ ತಲೆ ನೇವರಿಸ್ತಾ, "ಉಸಿರು ತಗೋ ಮಗ, ತಗೋ, ಹಂಗೇ," ಅಂತ ಹೇಳ್ತಾನೇ ಇದ್ದರು.

ಆಮೇಲೆ ಕೆಮ್ಮಿದಳು. ಉಸಿರಿನ ಸೀಟಿ ಕಮ್ಮಿಯಾಯಿತು. ನಾಡಿ ನನ್ನ ಬೆರಳಿಗೆ ತಟ್ಟಿತು — ಇಲ್ಲಿದ್ದೀನಿ ಅನ್ನೋ ಹಾಗೆ. ಬಿಪಿ ಮತ್ತೆ ನೋಡಿದೆ, ಸಿಕ್ಕಿತು.

ಅವಿಲ್ ಆಮೇಲೆ ಕೊಟ್ಟೆವು. ಅದು ತುರಿಕೆ ಇಳಿಸುತ್ತೆ. ಜೀವ ಉಳಿಸೋದು ಅದಲ್ಲ.

108ರಲ್ಲಿ ಹಾಸನಕ್ಕೆ ನಾನೇ ಜೊತೆ ಹೋದೆ. ದ್ಯಾವಯ್ಯ ಎದುರಿಗೆ ಕೂತಿದ್ದರು, ಟೋಪಿ ಕೈಯಲ್ಲಿ ಹಿಂಡ್ತಾ. ಆನೆ ಎದುರು ನಿಲ್ಲೋ ಮನುಷ್ಯ. ದಾರಿಯುದ್ದಕ್ಕೂ ಒಂದೇ ಮಾತು: "ಬರೀ ಗಂಧೆ ಅಂದ್ರಲ್ಲವ್ವ..."

ಜನವರಿ 29, ಬುಧವಾರ

ಡಿಸ್ಚಾರ್ಜ್ ಆಗಿ ಮನೇಲಿದ್ದಾಳೆ. ಸಂಜೆ ನೋಡೋಕೆ ಹೋದೆ. ಅಂಗಳದಲ್ಲಿ ಚಾಪೆ ಹಾಕಿಕೊಂಡು ಕೂತಿದ್ದಳು, ಮುಖ ಮೊದಲಿನ ಹಾಗೆ. ಅಜ್ಜಿ ಕಾಫಿ ಕೊಟ್ಟರು. ಮತ್ತೆ ಮೊದಲಿಂದ ಕೇಳಿದೆ. ಎಲ್ಲ ಕೆಟ್ಟ ದಿನಗಳೂ. ಓಡೋ ಮುಂಚೆ ಏನು ಮಾಡಿದೆ, ಏನು ತಿಂದೆ.

ಆಲೂರಿನ ದಿನ ಬೆಳಗ್ಗೆ ಚಪಾತಿ ಕಟ್ಟಿಕೊಂಡು ಹೋಗಿ ಬಸ್‌ಸ್ಟ್ಯಾಂಡಲ್ಲಿ ತಿನ್ನೋದು. ಬಸ್ ಲೇಟಾಗಿ ತಿನ್ನೋಕೆ ಆಗದ ದಿನ ಗಂಧೆ ಇಲ್ಲ. ಊರಲ್ಲಿ ಓಡೋದು ಖಾಲಿ ಹೊಟ್ಟೇಲಿ, ಇಲ್ಲಾಂದ್ರೆ ತಂಗಳು ಮುದ್ದೆ ತಿಂದು. ಗಂಧೆ ಇಲ್ಲ. ಸ್ಕೂಲಲ್ಲಿ ಉಪ್ಪಿಟ್ಟು, ಕೇಸರಿಬಾತ್ — ಎರಡೂ ರವೆ. ರವೆ ಅಂದರೆ ಗೋಧಿ.

ದ್ಯಾವಯ್ಯ ಅಡ್ಡ ಬಾಯಿ ಹಾಕಿದರು. "ಪೂರಿ ತಿಂದಾಗ ಏನೂ ಆಗ್ಲಿಲ್ಲ ಅಂತ ಅವತ್ತೇ ಹೇಳುದ್ನಲ್ಲ?"

"ತಿಂದು ಏನು ಮಾಡಿದ್ಲು?"

"ಏನ್ ಮಾಡ್ತಾಳೆ, ಚೇರಲ್ಲಿ ಕೂತಿದ್ಲು."

ಕೂತಿದ್ದಳು!

ಎದ್ದು ನಿಂತುಬಿಟ್ಟೆ, ಕಾಫಿ ಚೆಲ್ಲಿತು. ಗೋಧಿ ತಿಂದು ಕೂತರೆ ಏನಿಲ್ಲ. ಗೋಧಿ ಇಲ್ಲದೆ ಓಡಿದರೆ ಏನಿಲ್ಲ. ಗೋಧಿ ತಿಂದು ಓಡಿದರೆ ಮಾತ್ರ. ಎರಡೂ ಸೇರಬೇಕು. ನಾನು ಒಂದೊಂದನ್ನೇ ಹಿಡಿದು ಒಂದೊಂದನ್ನೇ ಬಿಟ್ಟಿದ್ದೆ.

ಮನೆಗೆ ಬಂದು ದೊಡ್ಡ ಪುಸ್ತಕ ಹುಡುಕಿದೆ. ಇದೆ. ಎರಡೇ ಸಾಲು, ಗಂಧೆ ಚಾಪ್ಟರಿನ ಕೊನೇಲಿ. ಹೆಸರೂ ಇದೆ. ಕೆಳಗೆ ಇನ್ನೊಂದು ಸಾಲು: ನೋವಿನ ಮಾತ್ರೆ ತಗೊಂಡಿದ್ದರೆ ಇದು ಇನ್ನೂ ಬೇಗ, ಇನ್ನೂ ಜೋರಾಗಿ ಬರಬಹುದು.

ಐಬುಪ್ರೊಫೆನ್. ನನ್ನ ಕೈಬರಹ.

ಫೆಬ್ರವರಿ 1, ಶನಿವಾರ

ಹೇಳಿದೆ. ಅಪ್ಪ ಮಗಳು ಇಬ್ಬರನ್ನೂ ಕೂರಿಸಿ, ರಾಜಲಕ್ಷ್ಮಮ್ಮನ ಎದುರಿಗೇ. ಗೋಧಿ, ಓಟ, ಮೇಲಿಂದ ನಾನು ಕೊಟ್ಟ ಮಾತ್ರೆ. ದ್ಯಾವಯ್ಯ ನೆಲ ನೋಡ್ತಾ ಇದ್ದರು. ಬೈದಿದ್ದರೆ ಚೆನ್ನಾಗಿತ್ತು. "ಗೊತ್ತಿಲ್ದೆ ಆಗಿದ್ದು ಬುಡಿ," ಅಂದರು. ಅದು ಇನ್ನೂ ಚುಚ್ಚಿತು.

ಚೈತ್ರಶ್ರೀ ಬ್ಯಾಗಿಂದ ಒಂದು ಹಾಳೆ ತೆಗೆದು ಟೇಬಲ್ ಮೇಲಿಟ್ಟಳು. ಫಿಟ್‌ನೆಸ್ ಸರ್ಟಿಫಿಕೇಟ್. ಫಿಸಿಕಲ್‌ಗೆ ಸರ್ಕಾರಿ ಡಾಕ್ಟರ ಸಹಿ ಬೇಕು.

"ಆಗಲ್ಲ" ಅಂದೆ.

"ಮೇಡಂ, ಕಾರಣ ಸಿಕ್ಕಿದೆಯಲ್ಲ?"

"ಸಿಕ್ಕಿದೆ, ಹೋಗಿಲ್ಲ. ನೀನು ಗಾರ್ಡ್ ಆಗ್ತೀಯ. ಒಂದಿನ ಎಲ್ಲೋ ಪರೋಟ ತಿಂದಿರ್ತೀಯ. ಆನೆ ಅಟ್ಟಿಸ್ಕೊಂಡು ಬರುತ್ತೆ. ತಿಂಡಿ ಅರಗೋವರೆಗೂ ಅದು ಕಾಯುತ್ತಾ?"

"ಅಪ್ಪನಿಗೆ ಕೇಳಿ. ಹದಿನೆಂಟು ವರ್ಷ ಆನೆ ಹಿಂದೆ ಓಡವ್ರೆ, ಇವತ್ತಿಗೂ ದಿನಗೂಲಿ. ನಂಗೆ ಆ ಗಾರ್ಡ್ ಬಟ್ಟೆ ಬೇಕು ಮೇಡಂ. ಹೆಸರಿರೋ ಬಟ್ಟೆ."

"ಸತ್ತುಹೋಗ್ತಿದ್ದೆ ನೀನು."

"ಗೊತ್ತು. ನಾನೇ ಇದ್ದೆ ಅಲ್ಲಿ." ಹಾಳೆಯನ್ನ ನನ್ನ ಕಡೆ ಸರಿಸಿದಳು. "ಗೋಧಿನೇ ಬಿಟ್ಬಿಟ್ರೆ? ಪೂರ್ತಿ. ಓಡೋ ದಿನ ಅಂತಲ್ಲ, ಯಾವತ್ತೂ. ನಮ್ಮಜ್ಜಿ ಬಾಯಿಗೆ ಚಪಾತಿ ಸೇರೋದೇ ಇಲ್ಲ. ಎಂಬತ್ತಾಯ್ತು, ಇವತ್ತೂ ಸೌದೆ ಹೊರ್ತದೆ."

ಹಾಳೆ ವಾಪಸ್ ಕೊಟ್ಟೆ. ತಗೊಳ್ಳಲಿಲ್ಲ. ಟೇಬಲ್ ಮೇಲೇ ಬಿಟ್ಟು ಹೋದಳು.

ಫೆಬ್ರವರಿ 4, ಮಂಗಳವಾರ

ಹಾಳೆ ಅಲ್ಲೇ ಇದೆ. ಪೇಪರ್‌ವೇಟ್ ಇಟ್ಟಿದ್ದೀನಿ. ಹೋಗ್ತಾ ಬರ್ತಾ ಕಾಣುತ್ತೆ. ಡ್ರಾಯರಿಗೆ ಹಾಕಿದೆ. ಮತ್ತೆ ತೆಗೆದೆ.

ಲೋಹಿತ್ ಬಂದಿದ್ದರು. ಅವರ ಮುಖ ಬಿಳಿಚಿಕೊಂಡಿತ್ತು. "ನಾನೇ ತಿನ್ಸಿದ್ದು ಮೇಡಂ." ಇಬ್ಬರ ತಪ್ಪೂ ಒಂದೇ, ಅವರದು ಚಪಾತಿ, ನನ್ನದು ಮಾತ್ರೆ.

ಸಹಿ ಹಾಕಿ, ಅವಳು ಬಿದ್ದರೆ? ಹಾಕದೆ, ಅವಳು ಜೀವಮಾನ ಪೂರ್ತಿ ನನ್ನ ಮುಖ ನೆನೆದರೆ?

ಫೆಬ್ರವರಿ 10, ಸೋಮವಾರ

ಅಪ್ಪ ಮಗಳು ಮಂಗಳೂರಲ್ಲಿ ತೋರಿಸಿಕೊಂಡು ಬಂದರು. ರಕ್ತ ಪರೀಕ್ಷೆಯಲ್ಲಿ ಗೋಧಿ ಅಲರ್ಜಿ ಖಚಿತ. ಅಲ್ಲಿನ ಸ್ಕಿನ್ ಡಾಕ್ಟರು ಹಿರಿಯರು. ಫೋನಲ್ಲಿ ಅರ್ಧ ಗಂಟೆ ಮಾತಾಡಿದರು. ಗೋಧಿ ಬಿಡಲಿ, ನೋವಿನ ಮಾತ್ರೆ ಮುಟ್ಟದಿರಲಿ, ಒಬ್ಬಳೇ ಓಡದಿರಲಿ, ಅಡ್ರಿನಲಿನ್ ಜೊತೆಗಿರಲಿ, ಹಾಕಿಕೊಳ್ಳೋದು ಕಲಿಯಲಿ. ಮೈಯಲ್ಲಿ ಮೊದಲ ನವೆ ಎದ್ದರೆ ಅಲ್ಲೇ ನಿಲ್ಲಲಿ. "ಹಾಗಿದ್ರೆ ಓಡಬಹುದು. ಎಷ್ಟೋ ಜನ ಓಡ್ತಾರೆ."

"ಸಹಿ, ಸರ್?"

"ಅದು ನಿಮ್ಮದಮ್ಮ. ನಿಮ್ಮ ಕಣ್ಣಿಂದ ನೋಡಿ ಹಾಕಿ."

ಸರಿ. ನೋಡ್ತೀನಿ.

ಫೆಬ್ರವರಿ 12, ಬುಧವಾರ

ಬೆಳಗ್ಗೆ ಮಂಜು. ಅವಳು ಮುಂದೆ, ಹಿಂದೆ ದ್ಯಾವಯ್ಯನ ಟಿವಿಎಸ್ ಮೇಲೆ ನಾನು, ತೊಡೆ ಮೇಲೆ ಎಮರ್ಜೆನ್ಸಿ ಡಬ್ಬ. ತಿಂಡಿಗೆ ರಾಗಿ ರೊಟ್ಟಿ ತಿಂದಿದ್ದಾಳೆ. ಎರಡು ಗುಡ್ಡ ಹತ್ತಿಸಿ ಇಳಿಸಿದೆ. ಪ್ರತಿ ತಿರುವಿನಲ್ಲೂ "ನಿಲ್ಲು, ಕತ್ತು ತೋರ್ಸು." ಎರಡನೇ ದಿನ ಇದು. ಏನಿಲ್ಲ. ಒಂದು ಚುಕ್ಕೆಯೂ ಇಲ್ಲ.

ಅವಳ ಅಡುಗೆಮನೆಯನ್ನೂ ಜಾಲಾಡಿದ್ದಾಯಿತು. ರವೆ, ಮೈದಾ, ಶ್ಯಾವಿಗೆ, ಬಿಸ್ಕತ್ತು. ಇಂಗಿನ ಡಬ್ಬಿ ತಿರುಗಿಸಿ ಓದಿದರೆ ಅದರಲ್ಲೂ ಗೋಧಿ ಹಿಟ್ಟು! ರಾಜಲಕ್ಷ್ಮಮ್ಮಗೆ ಹೇಳಿದರೆ, "ಇಂಗಿಗೂನಾ? ಎಂಥ ಕಾಲ ಬಂತು ಮಾರಾಯ್ತಿ!" ಮೇಡಂ ಹೋಗಿ ಮಾರಾಯ್ತಿ ಆದೆ.

ಫೆಬ್ರವರಿ 14, ಶುಕ್ರವಾರ

ಆಲೂರಲ್ಲಿ ಕ್ಲಾಸ್. ನಲವತ್ತು ಹುಡುಗಿಯರು, ಹೊಸ ಏಪ್ರನ್. ಬರೆದುಕೊಂಡು ಹೋದದ್ದು ಮಡಚಿಟ್ಟೆ, ಬಾಯಿಗೆ ಬಂದದ್ದು ಹೇಳಿದೆ.

ಮೊದಲು ಮುಟ್ಟಿ ನೋಡಿ ಅಂದೆ. ಅಲರ್ಜಿ ಅಂಟಲ್ಲ, ನೀವು ಮುಟ್ಟೋದನ್ನ ಮನೆಯವರು ನೋಡಬೇಕು. ಮಗುವಿನ ಕೆನ್ನೆ ಒರಟು, ಮೊಣಕೈ ಮೊಣಕಾಲು ಮಡಿಕೆಯಲ್ಲಿ ಕೆರೆತ, ಮನೇಲಿ ಯಾರಿಗೋ ಉಬ್ಬಸ — ಅದು ಹುಟ್ಟಿನ ಜೊತೆ ಬರೋ ಇಸುಬು. ಚಪ್ಪಲಿ ಪಟ್ಟಿ, ವಾಚು, ಹಣೆಬೊಟ್ಟು, ಯಾವುದು ತಾಗಿತೋ ಅದರದೇ ಆಕಾರದಲ್ಲಿ ಎದ್ದರೆ ತಾಗಿದ್ದರ ಅಲರ್ಜಿ, ಅದು ಒಂದೆರಡು ದಿನ ತಡವಾಗಿ ಬರುತ್ತೆ, ಆದ್ದರಿಂದ ನಿನ್ನೆ ಮೊನ್ನೆಯದನ್ನ ಕೇಳಿ. ಗಂಧೆ ಓಡಾಡುತ್ತೆ, ಪೆನ್ನಿಂದ ಗೆರೆ ಎಳೆದು ಕಾಯಿರಿ. ಗಂಧೆ ಜೊತೆ ಧ್ವನಿ ಬದಲಾದರೆ, ಉಸಿರು ಕಟ್ಟಿದರೆ, ವಾಂತಿ, ತಲೆ ಸುತ್ತು ಬಂದರೆ, ಆಗ ಅದು ಚರ್ಮದ ಕಾಯಿಲೆ ಅಂತ ಅಂದುಕೊಳ್ಳಲೇ ಬೇಡಿ. ಮೊದಲು ಅಡ್ರಿನಲಿನ್. ತೊಡೆಗೆ. ಹೆದರಬೇಡಿ.

ಹಿಂದಿನ ಬೆಂಚಿಂದ ಒಬ್ಬಳು: "ಮೇಡಂ, ನಿಮಗೆ ಹೆದರಿಕೆ ಆಗಿಲ್ವಾ?"

"ಆಯ್ತು. ಈಗಲೂ ಆಗ್ತಿದೆ."

ನಕ್ಕರು. ತಮಾಷೆಗೆ ಹೇಳಿದೆ ಅಂದುಕೊಂಡರು.

ಸಂಜೆ ಪಿಎಚ್‌ಸಿಗೆ ವಾಪಸ್ ಬಂದು ಪೇಪರ್‌ವೇಟ್ ಎತ್ತಿ ಸಹಿ ಹಾಕಿದೆ. ಸೀಲ್ ಒತ್ತಿದೆ. ಆಮೇಲೆ ಹಾಸನಕ್ಕೆ ಹೋಗೋಕೆ ಒಂದು ದಿನ ರಜೆ ಅರ್ಜಿ ಬರೆದೆ.

ಫೆಬ್ರವರಿ 22, ಶನಿವಾರ, ಬೆಳಗ್ಗೆ

ಹಾಸನ. ಸ್ಟೇಡಿಯಂ ಬೇಲಿ ಹೊರಗೆ. ಮಂಜಿಗೆ ಆಚೆ ತುದಿ ಕಾಣ್ತಿಲ್ಲ, ಓಟ ಮುಂದಕ್ಕೆ ಹಾಕಿದ್ದಾರೆ. ಅಭ್ಯರ್ಥಿಗಳೆಲ್ಲ ಹುಲ್ಲಿನ ಮೇಲೆ ಸಾಲಾಗಿ ಕೂತಿದ್ದಾರೆ. ಯಾರೋ ಬನ್ನು ಹಂಚ್ತಿದ್ದಾರೆ. ಚೈತ್ರಶ್ರೀ ಕೈ ಮುಂದಕ್ಕೆ ಚಾಚಿದಳು, ನನ್ನ ಜೀವ ಬಾಯಿಗೆ ಬಂತು — ಬನ್ನು ತಗೊಂಡು ಪಕ್ಕದವಳಿಗೆ ಕೊಟ್ಟಳು. ದ್ಯಾವಯ್ಯ ಬೀಡಿ ಹಚ್ಚೋದು, ಆರಿಸೋದು. ನಾನು ಅಡ್ರಿನಲಿನ್ ಇರೋ ಬ್ಯಾಗ್ ಮುಟ್ಟಿ ನೋಡೋದು. ಸ್ಟೇಡಿಯಂ ಡಾಕ್ಟರಿಗೂ ಹೇಳಿದ್ದೀನಿ.

ಅದೇ ದಿನ, ಮಧ್ಯಾಹ್ನ, ಬಸ್ಸಲ್ಲಿ

ಅಕ್ಷರ ಕುಣೀತಿದೆ. ಇರಲಿ.

ಮಂಜು ಎದ್ದ ಮೇಲೆ ಅವಳ ಬ್ಯಾಚ್ ಕರೆದರು. ಗೆರೆ ಮೇಲೆ ನಿಂತಳು. ನಿಂತವಳು ಎಡಗೈ ಮುಂಗೈ ಕೆರೆದುಕೊಂಡಳು. ಒಂದು ಸಲ. ಮತ್ತೆ. ಜೋರಾಗಿ.

ದ್ಯಾವಯ್ಯ ನನ್ನ ಮುಖ ನೋಡಿದರು. ಅವರೂ ಕಂಡಿದ್ದರು.

ನಾನು ಕೂಗಿದರೆ ನಿಲ್ಲಿಸ್ತಾರೆ. ನಿಲ್ಲಿಸಿದರೆ ಇವತ್ತಿಗೆ ಮುಗೀತು, ಕೆಲಸವೂ ಮುಗೀತು. ಕೂಗದಿದ್ದರೆ...

ಕೂಗಿದೆ. "ಚೈತ್ರಾ! ಕೈ!"

ಎಲ್ಲರೂ ತಿರುಗಿದರು. ಪೊಲೀಸಿನವರು ಬೇಲಿ ಹತ್ತಿರ ಬಂದು "ಯಾರ್ರೀ ನೀವು" ಅಂದರು. ಅವಳು ನನ್ನ ಕಡೆ ನೋಡಿದಳು. ತೋಳು ಮಡಚಿ ಕಣ್ಣ ಹತ್ತಿರ ತಂದು ನಿಧಾನವಾಗಿ ನೋಡಿದಳು. ಕತ್ತು ಮುಟ್ಟಿ ನೋಡಿದಳು, ಹೊಟ್ಟೆ ಮುಟ್ಟಿ ನೋಡಿದಳು, ನಾನು ಹೇಳಿಕೊಟ್ಟ ಹಾಗೇ, ಒಂದನ್ನೂ ಬಿಡದೆ. ಆಮೇಲೆ ಎರಡು ಬೆರಳಲ್ಲಿ ಏನೋ ಹಿಡಿದು ತೆಗೆದ ಹಾಗೆ ಮಾಡಿ, ನನ್ನ ಕಡೆ ಕೈ ಬೀಸಿ, ಇಲ್ಲ ಅಂತ ತಲೆ ಅಲ್ಲಾಡಿಸಿದಳು.

ನಂಬಲೋ ಬೇಡವೋ. ನಂಬಿದೆ. ಬೇರೆ ದಾರಿ ಇರಲಿಲ್ಲ ಅಂತಲ್ಲ. ಇತ್ತು. ನಂಬಿದೆ.

ಸೀಟಿ. ಓಡಿದರು. ಅವಳ ಓಟ ನಾನು ನೋಡಲೇ ಇಲ್ಲ, ಮುಖವನ್ನಷ್ಟೇ ನೋಡ್ತಿದ್ದೆ — ತುಟಿ, ಕಣ್ಣು, ತುಟಿ. ಮೊದಲ ಸುತ್ತಿನಲ್ಲಿ ಐದನೆಯವಳು. ಆಮೇಲೆ ಎಷ್ಟನೆಯವಳೋ. ದ್ಯಾವಯ್ಯ ಬೇಲಿ ತಂತಿ ಹಿಡಿದು, "ಹೋಗು, ಹೋಗು, ಹೋಗವ್ವಾ," ಪಿಸುಮಾತಲ್ಲಿ. ಗೆರೆ ದಾಟಿದಳು. ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿದಳು. ಎದ್ದಳು. ನಿಂತಿದ್ದಾಳೆ. ನಿಂತೇ ಇದ್ದಾಳೆ.

ಟೈಮಿನೊಳಗೆ ಬಂದಿದ್ದಾಳೆ. ಪಾಸ್. ಬರೆದುಕೊಂಡರು, ಅವಳೇ ಬಗ್ಗಿ ನೋಡಿ ಬಂದಳಂತೆ.

ಹೊರಗೆ ಬಂದ ಕೂಡಲೇ ಕೈ ಹಿಡಿದು ಎಳೆದೆ. ಮುಂಗೈ ಮೇಲೆ ಒಂದೇ ಒಂದು ಸಣ್ಣ ಕೆಂಪು ಚುಕ್ಕೆ. ನಡುವೆ ಸೂಜಿ ಮೊನೆಯಷ್ಟು ಗುರುತು.

"ಇರುವೆ ಮೇಡಂ! ಅಷ್ಟೊತ್ತು ಹುಲ್ಲಲ್ಲಿ ಕೂರ್ಸಿದ್ರಲ್ಲ. ನೀವು ಕೂಗಿದ್ದಕ್ಕೆ ಎಲ್ರೂ ನನ್ನೇ ನೋಡ್ತಾವ್ರೆ!" ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ಗಟ್ಟಿಯಾಗಿ ತಬ್ಬಿಕೊಂಡಳು. ಬೆವರು, ಧೂಳು. ಅವಳ ಎದೆ ಇನ್ನೂ ಹೊಡ್ಕೊಳ್ತಿತ್ತು. ಉಸಿರು ಸ್ವಚ್ಛ. ಕೇಳಿಸಿಕೊಂಡೆ.

ಈಗ ಎದುರು ಸೀಟಲ್ಲಿ ಕಿಟಕಿಗೆ ತಲೆ ಇಟ್ಟು ನಿದ್ದೆ. ಪಟ್ಟಿ ಬರಬೇಕು, ಮೆಡಿಕಲ್ ಆಗಬೇಕು, ಆಮೇಲೆ ಕಾಡು. ಕಾಡಿಗೆ ನಾನು ಡಬ್ಬ ಹಿಡಿದು ಹಿಂದೆ ಹೋಗೋಕಾಗುತ್ತಾ. ಅವಳ ಕೈಗೆ ಕಲಿಸಿದ್ದೀನಿ. ಕಣ್ಣಿಗೆ ಕಲಿಸಿದ್ದೀನಿ. ಸಾಕಾ?

ಆಲೂರು ದಾಟಿತು. ಮತ್ತೆ ಕತ್ತು ನೋಡಿದೆ. ಏನಿಲ್ಲ. ಎರಡು ಸಾಲು ಬರೆಯೋದು, ನೋಡೋದು. ರಾಜಲಕ್ಷ್ಮಮ್ಮ ಮೂರು ಸಲ ಫೋನ್ ಮಾಡಿದ್ದಾರೆ, ಹೊರಗೆ ಕ್ಯೂ ಇದೆಯಂತೆ, ಸೋಮವಾರ ಬನ್ನಿ ಅಂದರೂ ಹೋಗ್ತಿಲ್ಲವಂತೆ, ಒಂದು ಮಗುವಿಗೆ ಮೈಯೆಲ್ಲ ಕೆರೆತವಂತೆ.

ದ್ಯಾವಯ್ಯ ಕಿತ್ತಳೆ ಸುಲಿದು ಚಾಚ್ತಿದ್ದಾರೆ. "ಡಾಕ್ಟ್ರಮ್ಮ, ಆ ಬುಕ್ಕು ಮುಚ್ಚಿ ಒಸಿ. ಬೆಳಗ್ಗಿಂದ ನೀವು ಬಾಯಿಗೆ ಒಂದು ತುತ್ತೂ ಹಾಕಿಲ್ಲ." ಮುಚ್ತೀನಿ.